ಎಂಟು ಮನೆಯ ಎಂಜೆಓ ಚಕ್ರ: ಹೇಳುವ ಅರ್ಧ ಚೆನ್ನಾಗಿದೆ, ಇನ್ನರ್ಧ ಬೇರೆ ಕಡೆ ಹುಡುಕಬೇಕು

ಹತ್ತು ದಿನದಾಚೆಯ ಹವಾಮಾನದ ಸುಳಿವು ಬೇಕು ಅನ್ನುವವರಿಗೆ ನೆಟ್‌ನಲ್ಲಿ ಸಿಗುವ ಚಿತ್ರಗಳಲ್ಲಿ ಎಂಜೆಓ ಚಕ್ರದಷ್ಟು ಕೆಲಸಕ್ಕೆ ಬರುವ ಇನ್ನೊಂದನ್ನು ನಾನು ನೋಡಿಲ್ಲ. ಎಂಜೆಓ ಅಂದರೆ ಸಮಭಾಜಕದ ಉದ್ದಕ್ಕೂ ಪೂರ್ವಕ್ಕೆ ನಡೆಯುವ ಮಳೆಮೋಡಗಳ ಒಂದು ದೊಡ್ಡ ಗುಂಪು, ಅದು ಈಗ ಎಲ್ಲಿದೆ ಅಂತ ಈ ಚಕ್ರ ತೋರಿಸುತ್ತದೆ. ದುಡ್ಡು ಬೇಡ, ಲಾಗಿನ್ ಬೇಡ. ಒಂದು ಚೌಕ, ನಡುವೆ ಒಂದು ಸಣ್ಣ ವೃತ್ತ, ಸುತ್ತ ಎಂಟು ಹೋಳು, ಅವುಗಳ ಮೇಲೆ ಸುತ್ತುತ್ತಾ ಹೋಗುವ ಒಂದು ಗೆರೆ. ಅಷ್ಟೇ. ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ದಿನಾ ಬೆಳಿಗ್ಗೆ ಇದನ್ನು ತೆರೆದು ನೋಡುತ್ತಿದ್ದೇನೆ. ಆಸ್ಟ್ರೇಲಿಯಾದ ಹವಾಮಾನ ಇಲಾಖೆಯೂ ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ ಕೂಡ ಇದನ್ನು ಪ್ರಕಟಿಸುತ್ತವೆ.

ಚಿತ್ರ ತುಂಬಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ದೊಡ್ಡ ಕೊರತೆಯೂ ಇದೆ. ಸಮಭಾಜಕದ ಹತ್ತಿರ ಮೋಡಗಳು ಎಲ್ಲಿ ಎದ್ದಿವೆ ಅಂತ ಚಕ್ರ ಹೇಳುತ್ತದೆ, ಅದರಿಂದ ದೂರದ ದೇಶಗಳ ಹವಾಮಾನ ಹೇಗೆ ತಿರುಗಬಹುದು ಅಂತ ನಾವು ಊಹಿಸಬಹುದು. ಆ ದೂರದ ಹವಾಮಾನ ತಿರುಗಿ ಬಂದು ಇದೇ ಮೋಡಗಳನ್ನು ಎಬ್ಬಿಸುತ್ತದಲ್ವಾ, ಒಮ್ಮೊಮ್ಮೆ ಕೆಡಿಸುತ್ತದಲ್ವಾ, ಅದರ ಬಗ್ಗೆ ಮಾತ್ರ ಚಕ್ರದಲ್ಲಿ ಒಂದು ಚುಕ್ಕೆಯೂ ಇಲ್ಲ. ನನ್ನ ವಿಮರ್ಶೆಯ ತಿರುಳು ಇದೇ.

ಮೊದಲು ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಎಂಜೆಓದ ಪೂರ್ತಿ ಹೆಸರು ಮ್ಯಾಡೆನ್ ಜೂಲಿಯನ್ ಆಂದೋಲನ. ರೋಲಂಡ್ ಮ್ಯಾಡೆನ್ ಮತ್ತು ಪಾಲ್ ಜೂಲಿಯನ್ 1971ರಲ್ಲಿ ಇದನ್ನು ಗುರುತಿಸಿದರು. ಪೆಸಿಫಿಕ್ ಸಾಗರದ ನಡುವೆ, ಸಮಭಾಜಕಕ್ಕೆ ಹತ್ತಿರ, ಕ್ಯಾಂಟನ್ ಅನ್ನುವ ಒಂದು ಪುಟ್ಟ ದ್ವೀಪವಿದೆ. ಅಲ್ಲಿ ವರ್ಷಗಟ್ಟಲೆ ಬರೆದಿಟ್ಟ ಗಾಳಿ ಮತ್ತು ಒತ್ತಡದ ಲೆಕ್ಕದಲ್ಲಿ 40ರಿಂದ 50 ದಿನಕ್ಕೊಮ್ಮೆ ಏರಿಳಿಯುವ ಒಂದು ಲಯ ಅವರಿಗೆ ಸಿಕ್ಕಿತು. ಈಗ ಸಾಮಾನ್ಯವಾಗಿ 30ರಿಂದ 60 ದಿನ ಅನ್ನುತ್ತಾರೆ. ಹಿಂದೂ ಮಹಾಸಾಗರದ ಮೇಲೆ ಮಳೆಮೋಡಗಳ ಒಂದು ದೊಡ್ಡ ಗುಂಪು ಏಳುತ್ತದೆ, ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಪೂರ್ವಕ್ಕೆ ನಡೆಯುತ್ತದೆ. ಅಂದರೆ ದಿನಕ್ಕೆ 400 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇಂಡೊನೇಷ್ಯಾದ ದ್ವೀಪಗಳನ್ನು ದಾಟಿದರೆ ಪಶ್ಚಿಮ ಪೆಸಿಫಿಕ್ ತಲುಪುತ್ತದೆ. ದಾಟದೆ ಅಲ್ಲೇ ಕರಗಿಹೋಗುವುದೂ ಉಂಟು.

ಈ ನಡಿಗೆಯನ್ನು ಒಂದೇ ಚಿತ್ರದಲ್ಲಿ ಹಿಡಿದವರು ಮ್ಯಾಥ್ಯೂ ವೀಲರ್ ಮತ್ತು ಹ್ಯಾರಿ ಹೆಂಡನ್, 2004ರಲ್ಲಿ. ಅವರು ತೆಗೆದುಕೊಂಡದ್ದು ಮೂರೇ ಅಳತೆ. ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪೂರ್ವ ಪಶ್ಚಿಮವಾಗಿ ಬೀಸುವ ಗಾಳಿ, ಸುಮಾರು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಅದೇ ಗಾಳಿ, ಮತ್ತು ಭೂಮಿಯಿಂದ ಹೊರಗೆ ಹೋಗುವ ಶಾಖವನ್ನು ಉಪಗ್ರಹ ಅಳೆದ ಲೆಕ್ಕ. ಎತ್ತರದ ಮಳೆಮೋಡದ ನೆತ್ತಿ ತುಂಬಾ ತಣ್ಣಗಿರುತ್ತದೆ. ಹಾಗಾಗಿ ಅಂಥ ಮೋಡ ಇದ್ದಲ್ಲಿ ಹೊರಗೆ ಹೋಗುವ ಶಾಖ ಕಡಿಮೆ. ಮೂರನ್ನೂ ಸಮಭಾಜಕದ ಆಚೀಚೆ 15 ಡಿಗ್ರಿ ಪಟ್ಟಿಯಲ್ಲಿ ಸರಾಸರಿ ಮಾಡಿ, ಕೊನೆಗೆ ಬರೀ ಎರಡು ಸಂಖ್ಯೆಗೆ ಇಳಿಸುತ್ತಾರೆ. ಆ ಎರಡು ಸಂಖ್ಯೆ ಸೇರಿದರೆ ಆ ದಿನದ ಒಂದು ಚುಕ್ಕೆ.

ಓದುವುದು ಸುಲಭ. ಚೌಕದ ಕೆಳಗಡೆ ಹಿಂದೂ ಮಹಾಸಾಗರ, ಅದು 2 ಮತ್ತು 3ನೇ ಮನೆ. ಬಲಗಡೆ ಇಂಡೊನೇಷ್ಯಾ ಸುತ್ತಮುತ್ತ, 4 ಮತ್ತು 5. ಮೇಲುಗಡೆ ಪಶ್ಚಿಮ ಪೆಸಿಫಿಕ್, 6 ಮತ್ತು 7. ಎಡಗಡೆ ಅಮೆರಿಕ ಖಂಡಗಳ ಕಡೆ ಮತ್ತು ಆಫ್ರಿಕಾ, 8 ಮತ್ತು 1. ಗೆರೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿದ್ದರೆ ಮೋಡಗಳ ಗುಂಪು ಪೂರ್ವಕ್ಕೆ ಹೊರಟಿದೆ ಅಂತ ಅರ್ಥ. ಚುಕ್ಕೆ ನಡುವಿನ ವೃತ್ತದೊಳಗೇ ಇದ್ದರೆ ಎಂಜೆಓ ಬಲವಾಗಿಲ್ಲ. ಹೊರಗೆ ಹೋದಷ್ಟೂ ಬಲ ಜಾಸ್ತಿ. ಮೊದಲ ಸಲ ನೋಡುವವರೂ ಹತ್ತು ನಿಮಿಷದಲ್ಲಿ ಕಲಿತುಬಿಡಬಹುದು. ಇಷ್ಟು ದೊಡ್ಡ ವಿಷಯವನ್ನು ಇಷ್ಟು ಸಣ್ಣ ಜಾಗದಲ್ಲಿ ಕೂರಿಸಿದ್ದಾರಲ್ಲ, ನನಗೆ ಇವತ್ತಿಗೂ ಬೆರಗು.

ಬಲ ಅಂದರೆ ಎಷ್ಟು ಅಂತ ನೋಡಬೇಕಾದರೆ 2015ರ ಮಾರ್ಚ್ ತಿಂಗಳ ಚಕ್ರ ತೆಗೆಯಿರಿ. ಚೌಕದ ನಡುವಿನಿಂದ ಚುಕ್ಕೆ ಇರುವ ದೂರವೇ ಬಲದ ಅಳತೆ, ನಡುವಿನ ವೃತ್ತದ ಅಂಚು ಅಂದರೆ 1. ಸಾಮಾನ್ಯವಾಗಿ 2 ದಾಟಿದರೇ ಒಳ್ಳೆ ಬಲ ಅನ್ನುತ್ತೇವೆ. ಆ ತಿಂಗಳ ನಡುವೆ ಗೆರೆ 7ನೇ ಮನೆಯಲ್ಲಿ 4ನ್ನೂ ದಾಟಿ ಹೋಯಿತು. 1974ರಿಂದ ಇಟ್ಟಿರುವ ಲೆಕ್ಕದಲ್ಲೇ ಅದು ದಾಖಲೆ. ಗೆರೆ ಚೌಕದ ಅಂಚಿಗೇ ಹೋಗಿ ನಿಂತ ಹಾಗೆ ಕಾಣುತ್ತದೆ. ಅದೇ ದಿನಗಳಲ್ಲಿ ಪಾಮ್ ಚಂಡಮಾರುತ ವನುವಾಟು ದ್ವೀಪಗಳನ್ನು ಹಾಳುಮಾಡಿತು. ಪಶ್ಚಿಮ ಪೆಸಿಫಿಕ್‌ನಲ್ಲಿ ಪಶ್ಚಿಮದಿಂದ ಬೀಸಿದ ಜೋರು ಗಾಳಿ ಬಿಸಿನೀರನ್ನು ಪೂರ್ವಕ್ಕೆ ತಳ್ಳಿತು. ಆ ವರ್ಷದ ದೊಡ್ಡ ಎಲ್ ನಿನೊ, ಅಂದರೆ ಪೆಸಿಫಿಕ್‌ನ ನಡುವೆ ಮತ್ತು ಪೂರ್ವದಲ್ಲಿ ಸಮುದ್ರ ಬಿಸಿಯೇರುವುದು, ಬೆಳೆಯಲು ಅದೂ ನೆರವಾಯಿತು. ಚೌಕದ ಮೂಲೆಯಲ್ಲಿ ಕೂತ ಒಂದು ಚುಕ್ಕೆಯ ಹಿಂದೆ ಇಷ್ಟೆಲ್ಲ ಇತ್ತು.

ಇನ್ನು ಸಮಭಾಜಕದ ಮೋಡ ಸಾವಿರಾರು ಕಿಲೋಮೀಟರ್ ದೂರದ ಚಳಿಗೆ ಹೇಗೆ ಕಾರಣ ಆಗುತ್ತದೆ? ಇಲ್ಲಿ ನಿಧಾನಕ್ಕೆ ಹೋಗೋಣ, ಇದು ಅರ್ಥವಾದರೆ ಚಕ್ರದ ಬೆಲೆ ಅರ್ಥವಾದ ಹಾಗೆ. ಒಂದು ಕಿಲೋ ನೀರಾವಿ ತಣಿದು ಹನಿಯಾದಾಗ ಸುಮಾರು 25 ಲಕ್ಷ ಜೂಲ್ ಶಾಖ ಹೊರಬರುತ್ತದೆ. ದಿನಕ್ಕೆ ಒಂದು ಸೆಂಟಿಮೀಟರ್ ಮಳೆ ಅಂದುಕೊಳ್ಳಿ. ಒಂದು ಚದರ ಮೀಟರ್‌ಗೆ ಹತ್ತು ಕಿಲೋ ನೀರು ಆಯಿತು. ಅಂದರೆ ಮೋಡದೊಳಗಿನ ಗಾಳಿಗೆ ಹಗಲು ರಾತ್ರಿ ಎನ್ನದೆ ಪ್ರತಿ ಚದರ ಮೀಟರ್‌ಗೂ ಸುಮಾರು 290 ವ್ಯಾಟ್ ಶಾಖ ಸೇರುತ್ತಿದೆ. ಇಡೀ ಭೂಮಿಯ ಲೆಕ್ಕದಲ್ಲಿ ಸೂರ್ಯನಿಂದ ಹೀರಿಕೊಳ್ಳುವುದು ಸರಾಸರಿ 240 ವ್ಯಾಟ್. ಅದಕ್ಕಿಂತ ಜಾಸ್ತಿ! ಅದೂ ಒಂದೆರಡು ಊರಿನ ಮೇಲಲ್ಲ, ಸಾವಿರಾರು ಕಿಲೋಮೀಟರ್ ಅಗಲಕ್ಕೆ, ವಾರಗಟ್ಟಲೆ.

ಬಿಸಿಯಾದ ಗಾಳಿ ಏರುತ್ತದೆ. ಹನ್ನೆರಡು ಹದಿನೈದು ಕಿಲೋಮೀಟರ್ ಹೋದ ಮೇಲೆ ಮುಂದೆ ಏರಲು ದಾರಿಯಿಲ್ಲ, ಪಕ್ಕಕ್ಕೆ ಹರಡುತ್ತದೆ. ಹಾಗೆ ಹರಡಿದ ಗಾಳಿ ಉತ್ತರಕ್ಕೂ ದಕ್ಷಿಣಕ್ಕೂ ಹೋಗಿ ಜೆಟ್ ಸ್ಟ್ರೀಮ್‌ನ ಅಂಚನ್ನು ತಳ್ಳುತ್ತದೆ. ಜೆಟ್ ಅಂದರೆ ತುಂಬಾ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಹರಿಯುವ ಗಾಳಿಯ ಹೊಳೆ. ಹರಿಯುವ ಹೊಳೆಗೆ ಪಕ್ಕದಿಂದ ಇನ್ನೊಂದು ಹೊಳೆ ಬಂದು ಸೇರಿದರೆ ಕೆಳಗಡೆ ನೀರು ಅಂಕುಡೊಂಕಾಗುತ್ತದಲ್ವಾ, ಹಾಗೆ. ಜೆಟ್ ಕೂಡ ಮುಂದೆ ಅಲೆಅಲೆಯಾಗಿ ಬಾಗುತ್ತದೆ. ಇವೇ ರಾಸ್ಬಿ ಅಲೆಗಳು. ಒಂದು ಕಡೆ ಒತ್ತಡ ಹೆಚ್ಚು, ಅದರಾಚೆ ಕಡಿಮೆ, ಮತ್ತೆ ಹೆಚ್ಚು. ಈ ಸರಣಿ ಪೆಸಿಫಿಕ್ ದಾಟಿ ಉತ್ತರ ಅಮೆರಿಕದ ಮೇಲೆ ಕಮಾನಿನಂತೆ ಬಾಗಿ ಹೋಗುತ್ತದೆ. ಒಂದೆರಡು ವಾರದಲ್ಲಿ ಅಲ್ಲಿ ಚಳಿ ಎಲ್ಲಿ, ಸೆಕೆ ಎಲ್ಲಿ ಅನ್ನುವುದರ ಮೇಲೆ ಅದರ ಗುರುತು ಬೀಳುತ್ತದೆ.

ಚಕ್ರವನ್ನು ಬಳಸುವವರು ಬಾಯಿಪಾಠ ಮಾಡಿಕೊಂಡಿರುವ ಒಂದು ಸೂತ್ರವಿದೆ. ಚಳಿಗಾಲದಲ್ಲಿ ಗೆರೆ 3ನೇ ಮನೆಯಲ್ಲಿ ಬಲವಾಗಿದ್ದರೆ ಸುಮಾರು ಹತ್ತು ಹನ್ನೆರಡು ದಿನದ ನಂತರ ಉತ್ತರ ಅಟ್ಲಾಂಟಿಕ್‌ನಲ್ಲಿ ಪಶ್ಚಿಮದ ಗಾಳಿ ಜೋರಾಗುವ ಸಾಧ್ಯತೆ ಜಾಸ್ತಿ. ಉತ್ತರ ಯುರೋಪಿಗೆ ಬೆಚ್ಚಗಿನ, ಮಳೆಯ ದಿನಗಳು. 6ನೇ ಮನೆಯಲ್ಲಿದ್ದರೆ ಅದರ ಉಲ್ಟಾ, ಚಳಿಯ ಕಡೆಗೆ ವಾಲುತ್ತದೆ. ಕ್ರಿಸ್ತೋಫ್ ಕಸ್ಸೂ ಇದನ್ನು 2008ರಲ್ಲಿ ವಿವರವಾಗಿ ತೋರಿಸಿದರು. ದಿನದಿನದ ಮುನ್ಸೂಚನೆ ಎರಡು ವಾರಕ್ಕೆ ಸುಸ್ತಾಗುತ್ತದೆ. ಅದಾದ ಮೇಲೂ ಸ್ವಲ್ಪ ದೂರ ಕೈ ಹಿಡಿದು ನಡೆಸುವುದು ಇಂಥ ಸಂಬಂಧಗಳೇ. ಇದು ಖಚಿತ ಮಾತಲ್ಲ, ವಾಲಿಕೆ ಅಷ್ಟೇ. ಆದರೂ ಮೂರನೇ ವಾರದ ಬಗ್ಗೆ ಏನೂ ಗೊತ್ತಿಲ್ಲದಿರುವುದಕ್ಕಿಂತ ಒಂದು ವಾಲಿಕೆ ಗೊತ್ತಿರುವುದು ಎಷ್ಟೋ ಮೇಲು.

ಇಲ್ಲಿಯವರೆಗೆ ಹೊಗಳಿಕೆ. ಮನಸಾರೆ ಹೊಗಳಿದ್ದೇನೆ.

ಈಗ ಚಕ್ರ ಹೇಳದ ಕಡೆಗೆ ಬರುತ್ತೇನೆ. ಮಧ್ಯ ಅಕ್ಷಾಂಶದ, ಅಂದರೆ ಉಷ್ಣವಲಯಕ್ಕೂ ಧ್ರುವಕ್ಕೂ ನಡುವಿನ ಪಟ್ಟಿಯ, ಹವಾಮಾನ ಸುಮ್ನೆ ಕೂತು ಏಟು ತಿನ್ನುವುದಿಲ್ಲ, ಅದೂ ಉಷ್ಣವಲಯಕ್ಕೆ ಇಳಿದು ಬರುತ್ತದೆ. ಇದಕ್ಕೆ ನನಗೆ ತಕ್ಷಣ ನೆನಪಾಗುವುದು 2001ರ ಡಿಸೆಂಬರ್. ಚಳಿಗಾಲದಲ್ಲಿ ಸೈಬೀರಿಯಾದ ಮೇಲೆ ತಣ್ಣನೆಯ ಭಾರದ ಗಾಳಿ ಗುಡ್ಡೆ ಬೀಳುತ್ತದೆ. ಜೆಟ್‌ನಲ್ಲಿ ಒಂದು ಆಳವಾದ ಬಾಗು ಪೂರ್ವ ಏಷ್ಯಾ ದಾಟಿತು ಅಂದರೆ ಆ ತಣ್ಣನೆಯ ಗಾಳಿ ಕಟ್ಟೆ ಒಡೆದ ಹಾಗೆ ದಕ್ಷಿಣಕ್ಕೆ ನುಗ್ಗುತ್ತದೆ. ಕೆಲವೇ ದಿನದಲ್ಲಿ ದಕ್ಷಿಣ ಚೀನಾ ಸಮುದ್ರ ದಾಟಿ ಸಮಭಾಜಕದ ಹತ್ತಿರ ಬಂದುಬಿಡುತ್ತದೆ. ಬರುವ ದಾರಿಯಲ್ಲಿ ಬಿಸಿ ಸಮುದ್ರದಿಂದ ತೇವ ಕುಡಿದುಕೊಂಡು ಬರುತ್ತದೆ, ಕೊನೆಗೆ ಮಲೇಷ್ಯಾ, ಬೋರ್ನಿಯೊ ಕಡೆ ಸುರಿಯುತ್ತದೆ. ಆ ಸಲ ಹೀಗೆ ಇಳಿದ ಗಾಳಿ ಬೋರ್ನಿಯೊ ಪಕ್ಕ ಇದ್ದ ಒಂದು ಸುಳಿಯ ಜೊತೆ ಸೇರಿತು. ಸಮುದ್ರ ಅಲ್ಲಿ ಕಿರಿದು, ಸುಳಿ ಜಾಸ್ತಿ ಅಲುಗಾಡದೆ ಅಲ್ಲೇ ನಿಂತಿತ್ತು, ಗಾಳಿ ಅದನ್ನು ಸುತ್ತುತ್ತಲೇ ಇತ್ತು. ಕೊನೆಗೆ ವಾಮೆ ಅನ್ನುವ ಚಂಡಮಾರುತ ಹುಟ್ಟಿತು. ಎಲ್ಲಿ ಗೊತ್ತಾ? ಸಿಂಗಪುರದ ಹತ್ತಿರ, ಸಮಭಾಜಕದಿಂದ ಬರೀ ಒಂದೂವರೆ ಡಿಗ್ರಿ ಉತ್ತರಕ್ಕೆ. ಡಿಸೆಂಬರ್ 27ರಂದು ಅದು ಮಲೇಷ್ಯಾದ ದಕ್ಷಿಣ ತುದಿಗೆ ಬಂದು ಅಪ್ಪಳಿಸಿತು. ಭೂಮಿಯ ತಿರುಗುವಿಕೆಯ ನೆರವು ಅಷ್ಟು ಕಡಿಮೆ ಇರುವ ಜಾಗದಲ್ಲಿ ಚಂಡಮಾರುತ ಹುಟ್ಟುವುದಿಲ್ಲ ಅಂತಲೇ ಎಲ್ಲರೂ ಓದಿಕೊಂಡಿದ್ದರು. ಅಲ್ಲಿಗೆ ಬೇಕಾದ ಸುತ್ತು ಕೊಟ್ಟದ್ದು ಉತ್ತರದ ಚಳಿಯಿಂದ ಹೊರಟ ಗಾಳಿ.

ಎತ್ತರದಲ್ಲಿ ಇನ್ನೊಂದು ದಾರಿ ಇದೆ. ಸಮಭಾಜಕದ ಮೇಲೆ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಬಹಳ ಕಡೆ ಗಾಳಿ ಪೂರ್ವದಿಂದ ಬೀಸುತ್ತದೆ. ದೂರದಿಂದ ಬಂದ ರಾಸ್ಬಿ ಅಲೆಗಳಿಗೆ ಆ ಗಾಳಿ ಗೋಡೆ ಇದ್ದ ಹಾಗೆ, ಒಳಗೆ ಬಿಡುವುದಿಲ್ಲ. ಆದರೆ ಉತ್ತರದ ಚಳಿಗಾಲದಲ್ಲಿ ಪೂರ್ವ ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಮೇಲೆ ಈ ಗಾಳಿ ತಿರುಗಿ ಪಶ್ಚಿಮದಿಂದ ಬೀಸಲು ಶುರು ಮಾಡುತ್ತದೆ. ಗೋಡೆಯಲ್ಲಿ ಎರಡು ಬಾಗಿಲು ತೆರೆದ ಹಾಗೆ. ಪೀಟರ್ ವೆಬ್‌ಸ್ಟರ್ ಮತ್ತು ಜೇಮ್ಸ್ ಹೋಲ್ಟನ್ ಈ ಬಾಗಿಲುಗಳ ಬಗ್ಗೆ 1982ರಲ್ಲೇ ಬರೆದಿದ್ದರು. ಜೆಟ್‌ನ ಬಾಗುಗಳು ಇಲ್ಲಿಂದ ಒಳಗೆ ನುಗ್ಗುತ್ತವೆ. ಅವುಗಳ ಮುಂದೆ ಗಾಳಿ ಮೇಲೇಳುತ್ತದೆ, ಮೋಡ ಕಟ್ಟುತ್ತದೆ. ಉಪಗ್ರಹದ ಚಿತ್ರದಲ್ಲಿ ಸಮಭಾಜಕದಿಂದ ಈಶಾನ್ಯಕ್ಕೆ ಓರೆಯಾಗಿ ಎಳೆದ ಒಂದು ಬಿಳಿ ಪಟ್ಟಿ ಕಂಡರೆ ಅದರ ಪಶ್ಚಿಮಕ್ಕೆ ಜೆಟ್‌ನ ಬಾಗು ಇದೆಯಾ ಅಂತ ನೋಡಿ. ಬಹಳ ಸಲ ಇರುತ್ತದೆ.

ಇದೆಲ್ಲ ಚಕ್ರದಲ್ಲಿ ಕಾಣುವುದಿಲ್ಲ. ಕಾಣಲು ಸಾಧ್ಯವೂ ಇಲ್ಲ, ಯಾಕೆಂದರೆ ಲೆಕ್ಕ ನಿಲ್ಲುವುದೇ 15 ಡಿಗ್ರಿಗೆ. ಗೆರೆ ಒಂದು ದಿನ ಇದ್ದಕ್ಕಿದ್ದ ಹಾಗೆ ನಡುವಿನ ವೃತ್ತದಿಂದ ಹೊರಬಂದರೆ ಅದಕ್ಕೆ ಹೊರಗಿನಿಂದ ಯಾರಾದರೂ ತಳ್ಳು ಕೊಟ್ಟರಾ, ಇಲ್ಲ ಅದೇ ಎದ್ದಿತಾ ಅಂತ ಚಿತ್ರ ಹೇಳುವುದಿಲ್ಲ. ಕೆಲವು ಎಂಜೆಓಗಳು ಶುರುವಾಗುವುದಕ್ಕೆ ಮಧ್ಯ ಅಕ್ಷಾಂಶದಿಂದ ಬಂದ ಅಲೆಗಳ ಕೈವಾಡವೂ ಇರುತ್ತದೆ ಅಂತ ಕಂಪ್ಯೂಟರ್ ಮಾದರಿಗಳಲ್ಲಿ ತೋರಿಸಿದವರಿದ್ದಾರೆ.

ಬೇಸಿಗೆ ಮತ್ತು ಮುಂಗಾರಿನ ತಿಂಗಳಲ್ಲಿ ಈ ಚಕ್ರವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಆಗ ಮೋಡಗಳ ಗುಂಪು ಬರೀ ಪೂರ್ವಕ್ಕೆ ಹೋಗುವುದಿಲ್ಲ, ಹಿಂದೂ ಮಹಾಸಾಗರದಿಂದ ಉತ್ತರಕ್ಕೂ ಹತ್ತುತ್ತದೆ. ದಕ್ಷಿಣದ 15 ಡಿಗ್ರಿಯಿಂದ ಉತ್ತರದ 15 ಡಿಗ್ರಿವರೆಗೆ ಸರಾಸರಿ ಮಾಡಿದ ಮೇಲೆ ಉತ್ತರಕ್ಕೆ ಹತ್ತಿದ್ದು ಎಲ್ಲಿ ಕಾಣಬೇಕು? ಅದಕ್ಕೆಂದೇ ಬಿಎಸ್‌ಐಎಸ್‌ಓ ಅನ್ನುವ ಬೇರೆ ಸೂಚ್ಯಂಕ 2013ರಲ್ಲಿ ಬಂತು, ಬೇಸಿಗೆಯಲ್ಲಿ ಅದನ್ನೇ ನೋಡಿ.

ಬೇಸಿಗೆಯಲ್ಲಿ ಎರಡು ವಲಯಗಳ ಈ ಕೊಡುಕೊಳ್ಳುವಿಕೆ ಎಷ್ಟು ಭೀಕರ ಆಗಬಹುದು ಅನ್ನುವುದಕ್ಕೆ 2010 ಸಾಕ್ಷಿ. ಆ ಜುಲೈ ಆಗಸ್ಟ್‌ನಲ್ಲಿ ಪಶ್ಚಿಮ ರಷ್ಯಾದ ಮೇಲೆ ಹೆಚ್ಚು ಒತ್ತಡದ ಒಂದು ಗುಡ್ಡ ವಾರಗಟ್ಟಲೆ ಕದಲದೆ ನಿಂತಿತು. ಜುಲೈ 29ರಂದು ಮಾಸ್ಕೋದಲ್ಲಿ 38.2 ಡಿಗ್ರಿ ಸೆಲ್ಸಿಯಸ್. ಆ ಗುಡ್ಡದ ಪೂರ್ವಕ್ಕೆ ಜೆಟ್‌ನ ಬಾಗು ದಕ್ಷಿಣಕ್ಕೆ ಇಳಿಯಿತು. ಇತ್ತ ಮುಂಗಾರಿನ ತೇವದ ಗಾಳಿ ಮೇಲೆ ಹತ್ತುತ್ತಿತ್ತು. ಎರಡೂ ಉತ್ತರ ಪಾಕಿಸ್ತಾನದ ಬೆಟ್ಟಗಳ ಮೇಲೆ ಭೇಟಿಯಾದವು. ಆ ನೆರೆಯಲ್ಲಿ ಸುಮಾರು 2 ಕೋಟಿ ಜನ ತೊಂದರೆಗೆ ಸಿಕ್ಕರು. ಮಾಸ್ಕೋದ ಬಿಸಿಲನ್ನೂ ಸಿಂಧೂ ಕಣಿವೆಯ ನೆರೆಯನ್ನೂ ಒಂದೇ ನಕ್ಷೆಯಲ್ಲಿ ಇಟ್ಟು ನೋಡಿದಾಗ ನನಗೆ ಮೈ ಜುಂ ಅಂದಿತ್ತು. ಬರೀ ಸಮಭಾಜಕದ ಸಂಖ್ಯೆ ನೋಡುತ್ತಾ ಕೂತವರಿಗೆ ಇದು ಸಿಗುತ್ತಿರಲಿಲ್ಲ.

ಸಣ್ಣ ದೂರುಗಳೂ ಇವೆ. ಚುಕ್ಕೆಯ ಜಾಗವನ್ನು ಮೋಡಕ್ಕಿಂತ ಜಾಸ್ತಿ ಗಾಳಿಯೇ ನಿರ್ಧರಿಸುತ್ತದೆ. ಹಾಗಾಗಿ ಗೆರೆ ದೂರ ಹೋಗಿದ್ದರೂ ಉಪಗ್ರಹದ ಚಿತ್ರದಲ್ಲಿ ಮೋಡ ಚೆದುರಿಹೋಗಿರುವುದು ಉಂಟು. ಒಂದು ಚಂಡಮಾರುತವೋ, ಸಮಭಾಜಕದ ಉದ್ದಕ್ಕೂ ಪೂರ್ವಕ್ಕೆ ವೇಗವಾಗಿ ಓಡುವ ಕೆಲ್ವಿನ್ ಅಲೆ ಅನ್ನುವ ಗಾಳಿಯ ಅಲೆಯೋ ಬಂದರೆ ಗೆರೆ ಸುಮ್ನೆ ಗಂಟು ಹಾಕಿಕೊಳ್ಳುತ್ತದೆ. ಎರಡು ದಿನದ ಗಂಟು ನೋಡಿ ಏನನ್ನೂ ನಿರ್ಧರಿಸಬೇಡಿ. ಕನಿಷ್ಠ ಐದಾರು ದಿನ ಗೆರೆ ಒಂದೇ ದಿಕ್ಕಿಗೆ ಸುತ್ತಬೇಕು. ಮುನ್ಸೂಚನೆಯ ಭಾಗದಲ್ಲಿ ನೋವಾದ ಚಿತ್ರ ನನಗೆ ಇಷ್ಟ, ಅನೇಕ ಮಾದರಿ ಓಟಗಳ ಹರಡುವಿಕೆಯನ್ನು ಬೂದು ಬಣ್ಣದಲ್ಲಿ ತೋರಿಸುತ್ತದೆ. ಬೂದು ಪಟ್ಟಿ ಅಗಲವಾಗಿದ್ದರೆ ನಡುವಿನ ಗೆರೆಯನ್ನು ನಂಬುವುದಿಲ್ಲ.

ಹಾಗಾದರೆ ಜೊತೆಗೆ ಏನು ನೋಡಬೇಕು? ಅರ್ಥ್ ನಲ್‌ಸ್ಕೂಲ್ ಅನ್ನುವ ತಾಣ. ಕ್ಯಾಮರೂನ್ ಬೆಕ್ಕಾರಿಯೋ ಅನ್ನುವ ಪ್ರೋಗ್ರಾಮರ್ 2013ರಲ್ಲಿ ಮಾಡಿದ್ದು, ಇದೂ ಉಚಿತ. ಮೂಲೆಯ ಹೆಸರನ್ನು ಒತ್ತಿದರೆ ಮೆನು ತೆರೆಯುತ್ತದೆ, ಎತ್ತರ 250 ಹೆಕ್ಟಾಪಾಸ್ಕಲ್ ಆರಿಸಿ. ಅಲ್ಲಿ ಎತ್ತರವನ್ನು ಗಾಳಿಯ ಒತ್ತಡದಲ್ಲಿ ಹೇಳುತ್ತಾರೆ, 250 ಅಂದರೆ ಸುಮಾರು ಹತ್ತು ಕಿಲೋಮೀಟರ್ ಮೇಲೆ. ಗೋಳದ ಮೇಲೆ ಜೆಟ್ ಸ್ಟ್ರೀಮ್ ಹರಿಯುವುದು ಕಣ್ಣೆದುರೇ ಕಾಣುತ್ತದೆ. ಹಳೆಯ ದಿನಗಳಿಗೂ ಹೋಗಬಹುದು. 2014ರ ನವೆಂಬರ್ ಮೊದಲ ವಾರಕ್ಕೆ ಹೋಗಿ ನೋಡಿ. ನುರಿ ಅನ್ನುವ ಟೈಫೂನ್ ಪಶ್ಚಿಮ ಪೆಸಿಫಿಕ್‌ನಿಂದ ಉತ್ತರಕ್ಕೆ ತಿರುಗಿ ಜೆಟ್‌ಗೆ ಸೇರಿಕೊಂಡಿತು. ಬೇರಿಂಗ್ ಸಮುದ್ರದ ಮೇಲೆ ಅದರ ಒತ್ತಡ 924 ಹೆಕ್ಟಾಪಾಸ್ಕಲ್‌ಗೆ ಇಳಿಯಿತು. ಅದರ ಮುಂದೆ ಜೆಟ್ ಅಲಾಸ್ಕಾದ ಕಡೆ ಮೇಲಕ್ಕೆ ಉಬ್ಬಿ, ಆಮೇಲೆ ಉತ್ತರ ಅಮೆರಿಕದ ನಡುವೆ ಕೆಳಗೆ ಇಳಿದು, ಆರ್ಕ್‌ಟಿಕ್‌ನ ಚಳಿಯನ್ನು ಜೊತೆಗೆ ಎಳೆದು ತಂದಿತು. ಬಿಸಿ ಸಮುದ್ರದ ಮೇಲೆ ಹುಟ್ಟಿದ ಒಂದು ಸುಳಿ ಇನ್ನೊಂದು ಖಂಡಕ್ಕೆ ಚಳಿ ತಂದದ್ದನ್ನು ಮೂರು ಮೂರು ಗಂಟೆಯ ಹೆಜ್ಜೆಯಲ್ಲಿ ನೋಡಬಹುದು. ನಾನು ಒಂದು ಸಂಜೆ ಪೂರ್ತಿ ಅದನ್ನೇ ಹಿಂದೆ ಮುಂದೆ ಓಡಿಸುತ್ತಾ ಕೂತಿದ್ದೆ.

ನನ್ನ ರೂಢಿ ಹೀಗಿದೆ. ಮೊದಲು ಚಕ್ರ. ಗೆರೆ ವೃತ್ತದ ಹೊರಗಿದೆಯಾ, ಯಾವ ಮನೆ, ಎಷ್ಟು ದಿನದಿಂದ ಸುತ್ತುತ್ತಿದೆ. ಆಮೇಲೆ 250ರ ಗಾಳಿ. ಏಷ್ಯಾದಿಂದ ಪೆಸಿಫಿಕ್‌ಗೆ ಹೊರಡುವ ಜೆಟ್ ಎಷ್ಟು ದೂರ ಪೂರ್ವಕ್ಕೆ ಚಾಚಿದೆ, ಪೂರ್ವ ಪೆಸಿಫಿಕ್‌ನ ಬಾಗಿಲು ತೆರೆದಿದೆಯಾ, ಅದರೊಳಗೆ ಯಾವುದಾದರೂ ಬಾಗು ಇಳಿಯುತ್ತಿದೆಯಾ. ಚಳಿಗಾಲವಾದರೆ ನೆಲದ ಹತ್ತಿರದ ಗಾಳಿಗೆ ಬದಲಾಯಿಸಿ ದಕ್ಷಿಣ ಚೀನಾ ಸಮುದ್ರದ ಮೇಲೆ ಒಮ್ಮೆ ಕಣ್ಣಾಡಿಸುತ್ತೇನೆ. ಕೊನೆಗೆ ಉಪಗ್ರಹದ ಮೋಡದ ಚಿತ್ರ, ಎಲ್ಲಾ ನಿಜವಾ ಅಂತ ಖಾತ್ರಿ ಮಾಡಿಕೊಳ್ಳಲು. ಹದಿನೈದು ನಿಮಿಷದ ಕೆಲಸ.

ಚಕ್ರಕ್ಕೆ 5ಕ್ಕೆ 4 ಕೊಡುತ್ತೇನೆ. ಬೇಸಿಗೆಯಲ್ಲಾದರೆ 2. ಇದನ್ನು ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಚೌಕದ ಕೆಳಗೆ ಒಂದು ಸಣ್ಣ ಪಟ್ಟಿ ಹಾಕಿ, ಅದರಲ್ಲಿ ಪೂರ್ವ ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಬಾಗಿಲುಗಳ ಮೇಲಿನ ಆ ದಿನದ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತೋರಿಸಿ. ಬರೀ ಎರಡು ಬಾಣದ ಗುರುತು ಸಾಕು.